ಉಳಿತಾಯವೆಲ್ಲ ಡೌನ್ ಪೇಮೆಂಟಿಗೆ ಹಾಕಿ ಸಾಲದಲ್ಲಿ ಮನೆ ಕೊಂಡರೆ, ಬಾಡಿಗೆಯಲ್ಲೇ ಇಎಂಐ ಕಟ್ಟಬಹುದೇ? ಫ್ಲ್ಯಾಟ್ ಒಳ್ಳೆಯದೋ, ಸ್ವತಂತ್ರ ಮನೆಯೋ?

ನಾನೂ ಹೀಗೇ ಅಂದುಕೊಂಡು ಮೊದಲ ಮನೆ ಕೊಂಡವನು. ಆ ಮನೆ ಈಗ ನನ್ನ ಬಳಿ ಇಲ್ಲ. ಮನೆಯಲ್ಲಿ ಐಬೇನೂ ಇರಲಿಲ್ಲ. ಜಾಗ ಚೆನ್ನಾಗಿತ್ತು, ಕಾಗದಪತ್ರ ಸರಿಯಿತ್ತು, ಬೆಲೆಯೂ ನ್ಯಾಯವಾದದ್ದೇ. ಕೈಯಲ್ಲಿ ಏನೂ ಉಳಿಸಿಕೊಳ್ಳದೆ ಕೊಂಡೆ, ಅದೇ ತಪ್ಪು.

ಬೆಲೆಯಲ್ಲಿ 80 ಭಾಗ ಬ್ಯಾಂಕಿನದು, 20 ಭಾಗ ನನ್ನದು ಎಂದು ಲೆಕ್ಕ ಹಾಕಿದ್ದೆ. ಆದರೆ ಬ್ಯಾಂಕ್ ಸಾಲ ಕೊಡುವುದು ಮನೆಯ ಬೆಲೆಯ ಮೇಲೆ. ನೋಂದಣಿ, ಮುದ್ರಾಂಕ ಶುಲ್ಕ, ದಲ್ಲಾಳಿ ಕಮಿಷನ್, ವಕೀಲರ ಫೀಸು ಸಾಮಾನ್ಯವಾಗಿ ನಮ್ಮ ಕೈಯಿಂದಲೇ ಹೋಗಬೇಕು. ಅಲ್ಲಿಗೆ ಖಾತೆ ಬರಿದಾಯಿತು. ಬಾಡಿಗೆಗೆ ಕೊಡುವ ಮೊದಲು ಬಣ್ಣ, ನಲ್ಲಿ, ವೈರಿಂಗ್ ಎಲ್ಲವನ್ನೂ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿಸಿದೆ. ಮೊದಲು ಬಂದ ಕುಟುಂಬದವರು ತುಂಬ ಒಳ್ಳೆಯವರು, ತಪ್ಪದೆ ಬಾಡಿಗೆ ಕೊಡುತ್ತಿದ್ದರು. ಕೆಲಸ ಬದಲಾಗಿ ಬಿಟ್ಟು ಹೋದರು, ಮನೆ ಖಾಲಿ ಬಿತ್ತು. ಒಂದು ತಿಂಗಳು ಖಾಲಿ ಬಿದ್ದರೆ ವರ್ಷದ ಬಾಡಿಗೆಯಲ್ಲಿ ಶೇ 8ಕ್ಕಿಂತ ಹೆಚ್ಚು ಹೋದಂತೆ. ನನಗೆ ಅದು ಒಂದು ತಿಂಗಳಿಗೇ ಮುಗಿಯಲಿಲ್ಲ. ಅದೇ ಹೊತ್ತಿಗೆ ಬಾತ್‌ರೂಮಿನ ನೀರು ಕೆಳಗಿನವರ ಚಾವಣಿಗೆ ಇಳಿಯತೊಡಗಿತು. ಟೈಲ್ಸ್ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸದೆ ಬೇರೆ ದಾರಿ ಇರಲಿಲ್ಲ. ಪರ್ಸನಲ್ ಲೋನ್ ತೆಗೆದೆ, ಗೃಹಸಾಲಕ್ಕಿಂತ ಎಷ್ಟೋ ದುಬಾರಿ ಬಡ್ಡಿಗೆ. ಆಮೇಲೆ ಎರಡೂ ಕಂತಿಗೆ ಪರದಾಟ.

ಕೊನೆಗೆ ಮಾರಲು ಹೊರಟಾಗ ನನ್ನ ಅವಸರ ಕೊಳ್ಳುವವರಿಗೆ ತಿಳಿದುಹೋಯಿತು. ಅಕ್ಕಪಕ್ಕದ ಮನೆಗಳಿಗೆ ಸಿಗುತ್ತಿದ್ದ ಬೆಲೆಗಿಂತ ಕಡಿಮೆಗೆ ಕೊಟ್ಟೆ. 20 ಭಾಗ ಹಾಕಿದವನು ಬೆಲೆಯಲ್ಲಿ ಶೇ 10 ಬಿಟ್ಟುಕೊಟ್ಟರೂ ಅರ್ಧ ಬಂಡವಾಳ ಹೋದ ಹಾಗೆ. ಬ್ಯಾಂಕಿನ ಬಾಕಿಯಲ್ಲಿ ಒಂದು ಕಾಸೂ ಇಳಿಯುವುದಿಲ್ಲ, ನಷ್ಟವೆಲ್ಲ ನಮ್ಮ ಪಾಲಿಗೇ.

ಬಾಡಿಗೆಯಲ್ಲೇ ಕಂತು ಕಟ್ಟಬಹುದೆಂಬ ನಿಮ್ಮ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ. ನೀವೇ ಲೆಕ್ಕ ಹಾಕಿ. ಬೆಲೆ 100, ಸಾಲ 80, ಬಡ್ಡಿ ಶೇ 9, ಅವಧಿ 20 ವರ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಕಟ್ಟಬೇಕಾದದ್ದು ಸುಮಾರು 8.64. ಮೊದಲ ವರ್ಷ ಅದರಲ್ಲಿ 7.14 ಬಡ್ಡಿಗೇ ಹೋಗುತ್ತದೆ, ಅಸಲು ಕರಗುವುದು ಬರೀ 1.5. ವರ್ಷದ ಬಾಡಿಗೆ ಬೆಲೆಯ ಶೇ 4ರಷ್ಟು ಬಂದರೆ, ಒಂದು ದಿನವೂ ಖಾಲಿ ಬೀಳದಿದ್ದರೂ ಅರ್ಧ ಕಂತಿಗೂ ಸಾಲದು. ತೆರಿಗೆ, ರಿಪೇರಿ ಇನ್ನೂ ಕಳೆದಿಲ್ಲ. ಶುರುವಿನಲ್ಲೇ ಬಡ್ಡಿ ಶೇ 10ಕ್ಕೆ ಏರಿ, ಕಂತನ್ನು ಹಾಗೇ ಇಟ್ಟು ಅವಧಿ ಹಿಗ್ಗಿಸಿದರೆ 240 ತಿಂಗಳಲ್ಲಿ ಮುಗಿಯಬೇಕಿದ್ದ ಸಾಲ 314 ತಿಂಗಳ ಹತ್ತಿರ ಹೋಗುತ್ತದೆ. ಆರು ವರ್ಷ ಹೆಚ್ಚು!

ಬೆಲೆ ಏರಿದಾಗ ಎಲ್ಲ ಸರಿದೂಗುತ್ತದೆ ಎಂದು ನನಗೂ ಹೇಳಿದ್ದರು. ಅಮೆರಿಕದಲ್ಲಿ 2006ರ ನಂತರ ಮನೆಗಳ ಬೆಲೆ ವರ್ಷಗಟ್ಟಲೆ ಇಳಿಯಿತು. ಜಪಾನಿನಲ್ಲಿ 1991ರ ಹೊತ್ತಿಗೆ ತುದಿ ಮುಟ್ಟಿದ್ದ ಜಮೀನಿನ ಬೆಲೆ ಒಂದು ದಶಕಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಯಿತು. ಅಂಥ ಕಾಲ ಬಂದರೆ, ಕಂತು ಕಟ್ಟಲು ಕೈಯಲ್ಲಿ ಹಣ ಇದ್ದವರಷ್ಟೇ ಮಾರದೆ ಕಾಯಬಲ್ಲರು.

ಫ್ಲ್ಯಾಟಾದರೆ ಖಾಲಿ ಇದ್ದರೂ ತಿಂಗಳ ಮೇಂಟೆನೆನ್ಸ್ ತಪ್ಪದು, ಸ್ವತಂತ್ರ ಮನೆಯಾದರೆ ಚಾವಣಿಯಿಂದ ಚರಂಡಿವರೆಗೆ ಎಲ್ಲ ರಿಪೇರಿ ನಿಮ್ಮದೇ. ಅದನ್ನು ಆಮೇಲೆ ಯೋಚಿಸಿ. ನೋಂದಣಿ ಮುಗಿದ ಮರುದಿನ, ಆರು ತಿಂಗಳ ಕಂತು ಮತ್ತು ಒಂದು ದೊಡ್ಡ ರಿಪೇರಿಯ ಖರ್ಚು ಬೇರೆ ಖಾತೆಯಲ್ಲಿ ಉಳಿದಿರುತ್ತದೆಯೇ? ಇಲ್ಲವಾದರೆ ಇನ್ನೂ ಸಣ್ಣ ಮನೆ ನೋಡಿ, ಇಲ್ಲವೇ ಒಂದೆರಡು ವರ್ಷ ಕಾಯಿರಿ. ಬ್ಯಾಂಕ್ ಎಷ್ಟು ಮಂಜೂರು ಮಾಡಿದೆಯೋ ಅದನ್ನೇ ಬಜೆಟ್ ಎಂದುಕೊಳ್ಳಬೇಡಿ. ನಾಳೆಯೇ ಬೇರೆಯವರು ಕೊಂಡುಬಿಡುತ್ತಾರೆ ಎಂದು ಆತುರಪಡಿಸುತ್ತಾರೆ. ಕೊಳ್ಳಲಿ ಬಿಡಿ.

ಮತ್ತೆ, ಎಷ್ಟು ಬಾಡಿಗೆ ಬರುತ್ತದೆ ಎಂದು ದಲ್ಲಾಳಿಯನ್ನು ಕೇಳಬೇಡಿ. ಆ ಸುತ್ತಮುತ್ತ ಬಾಡಿಗೆಗೆ ಇರುವವರನ್ನೇ ಕೇಳಿ, ಅವರು ಬರುವ ಮೊದಲು ಮನೆ ಎಷ್ಟು ದಿನ ಖಾಲಿ ಇತ್ತೆಂದೂ ವಿಚಾರಿಸಿ. ನೀವು ನೋಡಿರುವ ಮನೆಯ ಬೆಲೆ, ಬಾಡಿಗೆ, ಸಾಲದ ದರ ಮೂರನ್ನೂ ಬರೆಯಿರಿ, ಕೂತು ಲೆಕ್ಕ ಹಾಕಿ ಕೊಡುತ್ತೇನೆ.