ಕಾಯಿಲ್‌ಗೆ 7 ವೋಲ್ಟ್: ಪಾಯಿಂಟ್ ಮುಚ್ಚಿತ್ತೋ, ತೆರೆದಿತ್ತೋ?

ಪ್ರಶ್ನೆ: ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಇದೆ. ಎಂಜಿನ್ ಬಿಸಿಯಾದ ಮೇಲೆ ಮಿಸ್ಸಿಂಗ್ ಶುರುವಾಗುತ್ತದೆ. ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನ ಪ್ಲಸ್‌ನಲ್ಲಿ 7 ವೋಲ್ಟ್ ತೋರಿಸಿತು. ಬ್ಯಾಟರಿಯಿಂದ ನೇರವಾಗಿ ವೈರ್ ಎಳೆಯೋಣ ಅಂತಾನೆ ಮೆಕ್ಯಾನಿಕ್. ಎಳೆಸಲಾ? (ಠಾಣೆ)

ಉತ್ತರ: ಬೇಡ. ಇದೇ ಪ್ರಶ್ನೆ ಈ ತಿಂಗಳು ಮೂರನೇ ಸಲ ಬಂದಿದೆ. ಮೂವರೂ ವೋಲ್ಟ್ ಬರೆದಿದ್ದಾರೆ, ಅಳೆಯುವಾಗ ಸಿಬಿ ಪಾಯಿಂಟ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್‌ನ ಕರೆಂಟನ್ನು ಜೋಡಿಸಿ ಕಡಿಯುವ ಪುಟ್ಟ ಸ್ವಿಚ್) ಮುಚ್ಚಿತ್ತೋ ತೆರೆದಿತ್ತೋ ಅಂತ ಒಬ್ಬರೂ ಬರೆದಿಲ್ಲ. ಅದು ಗೊತ್ತಿಲ್ಲದೆ ನಿಮ್ಮ 7 ವೋಲ್ಟ್ ಇಟ್ಟುಕೊಂಡು ನಾನೇನು ಮಾಡಲಿ?

ಪಾಯಿಂಟ್ ತೆರೆದಿದ್ದರೆ ಕಾಯಿಲ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಆಗ ಕೊಳೆತ ವೈರ್ ಕೂಡ 12 ತೋರಿಸುತ್ತದೆ. ಚಾಳಿನ ಮೂರನೇ ಮಹಡಿಯ ನಲ್ಲಿ ಇದ್ದ ಹಾಗೆ, ತಿರುಗಿಸಿದಾಗ ತಾನೇ ಗೊತ್ತಾಗುವುದು ನೀರಿನ ಬಂಡವಾಳ! ಪಾಯಿಂಟ್ ಮುಚ್ಚಿ, ಕೀ ಆನ್ ಮಾಡಿ ಅಳೆಯಿರಿ. ಬೇಗ ಮುಗಿಸಿ, ಎಂಜಿನ್ ಓಡದೆ ಹಾಗೇ ಬಿಟ್ಟರೆ ಕಾಯಿಲ್ ಕಾದುಹೋಗುತ್ತದೆ. ಇನ್ನೊಂದು, ಗಾಡಿ ಮಿಸ್ ಹೊಡೆಯುವುದು ಬಿಸಿಯಾದ ಮೇಲೆ ಅಂದಿರಿ, ಅಳೆದದ್ದು ಬೆಳಿಗ್ಗೆ ತಣ್ಣಗಿದ್ದಾಗ ಅಲ್ವಾ? ಬಿಸಿಯಲ್ಲೂ ಅಳೆಯಿರಿ.

ಪಾಯಿಂಟ್ ಮುಚ್ಚಿದಾಗಲೂ 7 ಅಂದರೆ, ಮೊದಲು ಎರಡೂ ವೈರ್ ಬಿಚ್ಚಿ ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಓಮ್, ಅಂದರೆ ರೆಸಿಸ್ಟೆನ್ಸ್, ನೋಡಿ. ಗಾಡಿಯ ಹೆಸರು ಹೇಳಿ ಪ್ರಯೋಜನವಿಲ್ಲ, ಇಷ್ಟು ವರ್ಷದಲ್ಲಿ ಯಾರು ಕುರ್ಲಾದ ಬಿಡಿಭಾಗದ ಅಂಗಡಿಯಿಂದ ಯಾವ ಕಾಯಿಲ್ ತಂದು ಹಾಕಿದ್ದಾರೋ. ಸುಮಾರು 1.5 ಓಮ್ ಇದ್ದರೆ ಅದು ಬ್ಯಾಲಸ್ಟ್ ರೆಸಿಸ್ಟರ್ (ವೋಲ್ಟೇಜ್ ಇಳಿಸಲು ವೈರ್ ನಡುವೆ ಹಾಕುವ ರೆಸಿಸ್ಟರ್) ಜೊತೆ ಓಡುವ ಕಾಯಿಲ್, ಅದಕ್ಕೆ 6ರಿಂದ 8 ವೋಲ್ಟ್ ಬರುವುದೇ ಸರಿ. ಅದಕ್ಕೆ ಹೋಗಿ ನೇರ ವೈರ್ ಎಳೆದರೆ 4 ಆಂಪಿಯರ್ ಜಾಗದಲ್ಲಿ 8 ಹರಿದು ಪಾಯಿಂಟ್ ಸುಡುತ್ತದೆ. ಸುಮಾರು 3 ಓಮ್ ಇದ್ದರೆ ಅದಕ್ಕೆ ಹೆಚ್ಚುಕಡಿಮೆ ಪೂರ್ತಿ ಬ್ಯಾಟರಿ ವೋಲ್ಟೇಜ್ ಸಿಗಬೇಕು. ಒಂದೋ ಯಾರೋ ನಡುವಿನ ಬ್ಯಾಲಸ್ಟ್ ತೆಗೆಯದೆ ಬಿಟ್ಟಿದ್ದಾರೆ, ಇಲ್ಲವೇ ದಾರಿಯಲ್ಲಿ ಯಾವುದೋ ಜಾಯಿಂಟ್ 5 ವೋಲ್ಟ್ ತಿನ್ನುತ್ತಿದೆ.

ಕಳ್ಳನನ್ನು ಹಿಡಿಯುವುದು ಸುಲಭ. ಪಾಯಿಂಟ್ ಮುಚ್ಚಿ ಕೀ ಆನ್ ಇರಲಿ, ಮೀಟರ್‌ನ ಕೆಂಪು ತುದಿ ಬ್ಯಾಟರಿ ಪ್ಲಸ್‌ಗೆ, ಕಪ್ಪು ತುದಿ ಕಾಯಿಲ್ ಪ್ಲಸ್‌ಗೆ. ತೋರಿಸುವುದೇ ನಷ್ಟ. ಅರ್ಧ ವೋಲ್ಟ್ ದಾಟಿದರೆ ಕಪ್ಪು ತುದಿಯನ್ನು ಹಿಂದೆ ಹಿಂದೆ ತನ್ನಿ: ಇಗ್ನಿಷನ್ ಸ್ವಿಚ್‌ನ ಆಚೆ, ಈಚೆ, ಬುಲೆಟ್ ಕನೆಕ್ಟರ್, ಫ್ಯೂಸ್ ಇದ್ದರೆ ಅದು. ಎಲ್ಲಿ ಅಂಕಿ ದಿಢೀರನೆ ಇಳಿಯಿತೋ ಅಲ್ಲಿಗೂ ಅದಕ್ಕೆ ಮೊದಲು ಮುಟ್ಟಿದ ಜಾಗಕ್ಕೂ ನಡುವಿನ ಜಾಯಿಂಟೇ ಕಳ್ಳ. ನಮ್ಮ ಕಡಲ ಗಾಳಿಗೆ ಕನೆಕ್ಟರ್ ಹಸಿರು ಹಿಡಿಯುತ್ತದೆ. ನನ್ನ ಸ್ವಂತ ಗಾಡಿಯಲ್ಲಿ ಎರಡು ಕಾಯಿಲ್ ಬದಲಿಸಿದ ಮೇಲೆ ಗೊತ್ತಾಯಿತು, ತಪ್ಪು ಸ್ವಿಚ್‌ನದು ಅಂತ. ಅಳೆಯುವ ಸೋಮಾರಿತನ, ದುಡ್ಡು ಹೋಯಿತು. ಡಿಸ್ಟ್ರಿಬ್ಯೂಟರ್ ಮೈಗೂ ಬ್ಯಾಟರಿ ಮೈನಸ್‌ಗೂ ನಡುವೆ ವೋಲ್ಟ್ ಸೊನ್ನೆಯ ಹತ್ತಿರ ಇರಬೇಕು, ಅದನ್ನೂ ನೋಡಿ.

ವೋಲ್ಟೇಜ್ ಎಲ್ಲಾ ಸರಿಯಿದ್ದೂ ಬಿಸಿಯಲ್ಲಿ ಮಿಸ್ ಹೊಡೆದರೆ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಅಲ್ಲಿನ ಕಿಡಿ ತಗ್ಗಿಸುವ ಸಣ್ಣ ಡಬ್ಬಿ) ಬದಲಿಸಿ, ಆಮೇಲೆ ಕಾಯಿಲ್.

ನೇರ ವೈರ್ ಪರೀಕ್ಷೆಗೆ ಮಾತ್ರ. 3 ಓಮ್ ಕಾಯಿಲ್ ಆಗಿರಬೇಕು, ನಡುವೆ ಫ್ಯೂಸ್ ಇರಬೇಕು, ಸ್ವಲ್ಪ ಹೊತ್ತು ಓಡಿಸಿ ತೆಗೆದುಬಿಡಬೇಕು. ಪರ್ಮನೆಂಟ್ ಮಾಡಿಕೊಟ್ಟರೆ ಕೀ ತೆಗೆದರೂ ಎಂಜಿನ್ ಆರುವುದಿಲ್ಲ. ಹೇಗೋ ಆರಿಸಿ ಮಲಗಿದರೆ, ಪಾಯಿಂಟ್ ಮುಚ್ಚಿ ನಿಂತಿದ್ದರೆ ರಾತ್ರಿಯೆಲ್ಲಾ ಕಾಯಿಲ್ ಬಿಸಿಯಾಗುತ್ತಿರುತ್ತದೆ. ಬೆಂಕಿ ಹತ್ತಿದರೆ ಆ ಮೆಕ್ಯಾನಿಕ್ ಬರುತ್ತಾನಾ?

ಪ್ರಶ್ನೆ: ರೇಸಿಂಗ್ ಕಾಯಿಲ್ ಹಾಕಿದರೆ ಮೈಲೇಜ್ ಜಾಸ್ತಿಯಾಗುತ್ತದಾ? (ಪುಣೆ)

ಉತ್ತರ: ಇಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಕಾಯಿಲ್ ಹೋಗಿದೆಯಾ? (ಮಡಗಾಂವ್)

ಉತ್ತರ: ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಒರೆಸಿ. ಹಳೇ ಪ್ಲಗ್ ವೈರ್‌ಗಳಿಂದ ಕತ್ತಲಲ್ಲಿ ಕಿಡಿ ಹಾರುವುದು ಕಂಡರೆ ಅವನ್ನು ಬದಲಿಸಿ. ಕೈಯಲ್ಲಿ ಹಿಡಿದು ನೋಡಬೇಡಿ, ಮಹಾರಾಯರೇ.

ಪ್ರಶ್ನೆ: ಬೇಸಿಗೆಯಲ್ಲಿ ಕಾಯಿಲ್‌ಗೆ ಒದ್ದೆ ಬಟ್ಟೆ ಸುತ್ತಬಹುದಾ? (ದಾದರ್)

ಉತ್ತರ: ಹಳೇ ಡ್ರೈವರ್‌ಗಳು ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಪೆಟ್ರೋಲ್ ಪಂಪಿಗೆ. ಕಾಯಿಲ್‌ನ ನೆತ್ತಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಅಲ್ಲಿಗೆ ನೀರು ಮುಟ್ಟಿಸಬೇಡಿ.