ಪುಸ್ತಕ ಬೀರುವಿಗೆ, ದಾಳ ಮೇಜಿಗೆ

ಪ್ರಶ್ನೆ: ಮೇಡಂ, ಮೈಸೂರಿನ ಹಾಸ್ಟೆಲ್‌ನಲ್ಲಿ ಗೆಳೆಯರ ಜೊತೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಿದ್ದೆ. ಈಗ ಊರಲ್ಲಿದ್ದೇನೆ. ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಚಿಕ್ಕಪ್ಪನ ಮಕ್ಕಳು, ಅತ್ತಿಗೆ ಎಲ್ಲ ಆಸೆಯಿಂದ ಆಡಲು ಕೂತರು. ನಾನು ನಿಯಮ ವಿವರಿಸುತ್ತಾ ಹೋದಂತೆ ಒಬ್ಬೊಬ್ಬರೇ ಎದ್ದುಹೋದರು. ಹೇಗೆ ಶುರು ಮಾಡಲಿ?
– ವಿದ್ಯಾರ್ಥಿ, ನಾಪೋಕ್ಲು

ಉತ್ತರ: ಆ ದಪ್ಪ ನಿಯಮದ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. 1974ರಲ್ಲಿ ಈ ಆಟ ಹೊರತಂದ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಪುಟ್ಟ ಸೈನಿಕರ ಬೊಂಬೆ ಇಟ್ಟು ಯುದ್ಧದಾಟ ಆಡಿ ಪಳಗಿದವರು. ಅಷ್ಟೊಂದು ಲೆಕ್ಕ, ಕೋಷ್ಟಕ ಬಂದದ್ದು ಅಲ್ಲಿಂದ. ನಿಮ್ಮ ಅತ್ತಿಗೆಗೆ ಅದು ಯಾಕೆ? ಆಟ ಗೊತ್ತಿಲ್ಲದ ಓದುಗರಿಗೆ ಒಂದು ಮಾತು: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗಿ ‘ನಾನು ಹೀಗೆ ಮಾಡ್ತೇನೆ’ ಅನ್ನುತ್ತಾರೆ. ಆಗುತ್ತೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ತೀರ್ಮಾನ ಹೇಳುತ್ತದೆ.

ಮೊದಲ ಸಂಜೆಗೆ ಹಾವು-ಏಣಿ ಪೆಟ್ಟಿಗೆಯ ಎರಡು ದಾಳ ಸಾಕು. ಎರಡನ್ನೂ ಹಾಕಿ ಕೂಡಿಸಿ. 10 ಅಥವಾ ಮೇಲೆ ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಕಳೆದುಕೊಳ್ಳಬೇಕು. 6 ಅಥವಾ ಕೆಳಗಾದರೆ ಕೆಟ್ಟಿತು. ಇದು ನನ್ನ ಶೋಧವಲ್ಲ, ಈಚಿನ ಎಷ್ಟೋ ಸಣ್ಣ ಆಟಗಳು ಹೀಗೇ ನಡೆಯುತ್ತವೆ. ಎರಡು ದಾಳ ಬೀಳುವ 36 ಬಗೆಯಲ್ಲಿ 15 ಸಲ ಕೆಡುತ್ತದೆ, 15 ಸಲ ನಡುವೆ ನಿಲ್ಲುತ್ತದೆ, 6 ಸಲ ಪೂರ್ತಿ ಗೆಲುವು. ಪಾತ್ರಕ್ಕೆ ಪಳಗಿದ ಕೆಲಸವಾದರೆ ಮೊತ್ತಕ್ಕೆ ಒಂದು ಕೂಡಿಸಿ. ಆಗ 36ರಲ್ಲಿ ಗೆಲುವು 10 ಸಲಕ್ಕೆ ಏರುತ್ತದೆ, ಕೆಡುವುದು 10 ಸಲಕ್ಕೆ ಇಳಿಯುತ್ತದೆ. ಒಂದೇ ಅಂಕೆಗೆ ಇಷ್ಟು ತೂಕ ಇರುವುದರಿಂದ ಎರಡು, ಮೂರು ಎಂದು ಧಾರಾಳವಾಗಿ ಹಂಚಬೇಡಿ.

ಪಾತ್ರ ಬರೆಯಲು ಮೂರೇ ಸಾಲು. ಯಾರು, ಯಾವುದರಲ್ಲಿ ಗಟ್ಟಿ, ಕೈಯಲ್ಲೇನಿದೆ. ‘ತೋಟದ ಲೆಕ್ಕ ಬರೆಯುವ ಹಳೇ ರೈಟರ್. ಸುಳ್ಳು ಹಿಡಿಯುವುದರಲ್ಲಿ ನಿಸ್ಸೀಮ. ಕೈಯಲ್ಲಿ ಕೊಡೆ.’ ಆಯಿತು. ಮೂರನೆಯ ಸಾಲಿನ ಶಾಯಿ ಒಣಗುವ ಮೊದಲೇ ಶುರು ಮಾಡಿಬಿಡಿ: ‘ಹೊಳೆ ಏರುತ್ತಿದೆ. ತೂಗುಸೇತುವೆಯ ಆಚೆ ದೀಪ ಹಿಡಿದು ಒಬ್ಬಳು ನಿಂತಿದ್ದಾಳೆ, ಅವಳಿಗೆ ನೆರಳಿಲ್ಲ. ನಿಮ್ಮ ಹಿಂದೆ ಏನೋ ಮರ ಮುರಿಯುತ್ತ ಬರುತ್ತಿದೆ. ಏನು ಮಾಡ್ತೀರಿ?’ ರಾಜ್ಯದ ಸಾವಿರ ವರ್ಷದ ಇತಿಹಾಸ ಹೇಳಲು ಹೋಗಬೇಡಿ. ಯಾರೂ ಕೇಳುವುದಿಲ್ಲ.

ಈಗ ಮುಖ್ಯ ವಿಷಯ. ಹೊಸಬರು ನೀವು ಎಣಿಸದ್ದನ್ನೇ ಮಾಡುತ್ತಾರೆ. ನಮ್ಮ ಮನೆಯಲ್ಲಿ ಆಡಿಸಿದಾಗ ಗುಹೆಯ ಬಾಗಿಲಲ್ಲಿ ನಿಂತ ರಾಕ್ಷಸನನ್ನು ಚಿಕ್ಕಮ್ಮ ಕೇಳಿದ್ದು ‘ನಿಮ್ಮದು ಯಾವ ಮನೆಹೆಸರು?’ ಅಂತ. ಕೊಡಗಿನಲ್ಲಿ ಬೇರೆ ಏನು ಕೇಳುತ್ತಾರೆ! ಹುಡುಗರು ನಕ್ಕರು, ನಾನು ನಗಲಿಲ್ಲ. ರಾಕ್ಷಸ ಹೆಸರು ಹೇಳಿದ, ಅವನ ತಾಯಿಯ ಕಡೆಯವರು ಚಿಕ್ಕಮ್ಮನ ಪಾತ್ರಕ್ಕೆ ದೂರದ ನೆಂಟರೆಂದು ಗೊತ್ತಾಯಿತು, ಜಗಳ ಜಮೀನಿನ ಪಾಲಿನದ್ದೆಂದು ತಿಳಿಯಿತು. ಅಲ್ಲಿ ದಾಳಕ್ಕೆ ಕೆಲಸವೇ ಇರಲಿಲ್ಲ. ಗೆದ್ದರೂ ಕೆಟ್ಟರೂ ಕಥೆ ಮುಂದೆ ಹೋಗುವ ಕಡೆ ಮಾತ್ರ ದಾಳ ಹಾಕಿಸಿ. ಹಾಕಿಸುವ ಮೊದಲೇ ಅಪಾಯ ಏನೆಂದು ಬಾಯಿಬಿಟ್ಟು ಹೇಳಿ: ‘ಕೆಟ್ಟರೆ ನೀನೇ ಹೊಳೆಗೆ. ನಡುವೆ ಬಂದರೆ ದಾಟ್ತೀಯ, ಚೀಲ ಹೊಳೆಪಾಲು. ಹಾಕ್ತೀಯಾ?’ ಆಗ ಮಕ್ಕಳು ದಾಳವನ್ನು ಅಂಗೈಯಲ್ಲಿ ಹಿಡಿದು ಯೋಚಿಸುವುದನ್ನು ನೋಡಬೇಕು.

ಪ್ರಶ್ನೆ: ಇಂಥ ಆಟಕ್ಕೆ ನಮ್ಮ ದೈವಗಳಾದ ಗುಳಿಗ, ಚಾಮುಂಡಿ, ಅಜ್ಜಪ್ಪನನ್ನು ತರಬಹುದೇ? ಎಲ್ಲವೂ ವಿದೇಶಿ ಡ್ರ್ಯಾಗನ್ನೇ ಯಾಕೆ?
– ಶಿಕ್ಷಕಿ, ವಿರಾಜಪೇಟೆ

ಉತ್ತರ: ಡ್ರ್ಯಾಗನ್ ಬೇಡ ಎನ್ನುವುದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಆ ದೈವಗಳನ್ನು ತರಬೇಡಿ. ದೈವದ ವೇಷ ಹಾಕಿ ತೆರೆ ಕಟ್ಟಿದಾಗ ಕೈಮುಗಿದು ನಿಲ್ಲುವವರು, ಮನೆತನದ ಹಿರಿಯರ ಗುಡಿಯಾದ ಕೈಮಡದಲ್ಲಿ ಮೂಲಪುರುಷ ಗುರುಕಾರಣನಿಗೆ ದೀಪ ಇಡುವವರು ಅದೇ ಮೇಜಿನ ಸುತ್ತ ಕೂತಿರುತ್ತಾರೆ. ಆ ದೈವಗಳನ್ನು ದಾಳದಲ್ಲಿ ಸೋಲಿಸಬೇಕಾದ ವೈರಿ ಮಾಡಿದರೆ ಆಟ ಅಲ್ಲಿಗೇ ಮುಗಿಯುತ್ತದೆ, ಬೈಗುಳ ಶುರುವಾಗುತ್ತದೆ. ನೆಲವನ್ನು ಮಾತ್ರ ಇಲ್ಲಿಂದ ತೆಗೆದುಕೊಳ್ಳಿ. ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಕತ್ತಲೆ ಕೋಣೆಗಳನ್ನು ನೋಡಿದ್ದೀರಲ್ಲ? ಹೆಸರು ಬದಲಿಸಿ, ಒಂದೆರಡು ಬಾಗಿಲು ಹೆಚ್ಚಿಸಿ. ಒಳಗಿನ ಪ್ರಾಣಿಯನ್ನು ಮಕ್ಕಳೇ ಹುಟ್ಟಿಸಲಿ. ಜಿಗಣೆಯನ್ನು ಎಮ್ಮೆಯಷ್ಟು ದೊಡ್ಡದು ಮಾಡುತ್ತಾರೆ, ಅದಂತೂ ಖಂಡಿತ.

ಪ್ರಶ್ನೆ: ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ಗೆ ಬೇಕಾದ ಇಪ್ಪತ್ತು ಮುಖದ ದಾಳ ನಮ್ಮೂರಲ್ಲಿ ಸಿಗುವುದಿಲ್ಲ. ಕವಡೆ ಬಳಸಬಹುದೇ?
– ಗೋಣಿಕೊಪ್ಪದಿಂದ ಒಬ್ಬರು

ಉತ್ತರ: ಚೌಕಾಬಾರಕ್ಕೆ ಕವಡೆ ಸರಿ, ಇದಕ್ಕಲ್ಲ. ಕವಡೆಯಲ್ಲಿ ನಡುವಿನ ಎಣಿಕೆಗಳೇ ಹೆಚ್ಚು ಬೀಳುತ್ತವೆ. ಇಪ್ಪತ್ತು ಮುಖದ ದಾಳದಲ್ಲಿ ಎಲ್ಲ ಅಂಕೆಗೂ ಸಮಪಾಲು. 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಒಂದೇ ರೀತಿ ಮಡಿಸಿ ಡಬ್ಬದಲ್ಲಿಟ್ಟು ಕುಲುಕಿ, ಒಂದು ತೆಗೆಯಿರಿ. ಪ್ರತಿ ಸಲವೂ ತೆಗೆದ ಚೀಟಿಯನ್ನು ವಾಪಸ್ ಹಾಕಲೇಬೇಕು, ಇಲ್ಲದಿದ್ದರೆ ಉಳಿದದ್ದು ಯಾವುದೆಂದು ಜಾಣ ಮಕ್ಕಳು ಎಣಿಸಿಟ್ಟುಕೊಳ್ಳುತ್ತಾರೆ.