ಅಲ್ಲಿ ಎದ್ದ ದನಿ, ಇಲ್ಲಿ ಏಳದ ದನಿ

ವಿದೇಶದ ಶಾಲೆಗಳಿಗೆ ಸ್ವಯಂಸೇವಕರಾಗಿ ಹೋಗುವ ತರುಣ ತರುಣಿಯರು ಕಲಬುರಗಿಯಲ್ಲಿಯೂ ಈಗ ಆಗಾಗ ಆಪ್ತಸಮಾಲೋಚಕಿಯಾದ ನನ್ನ ಸಲಹೆ ಕೇಳುತ್ತಾರೆ. ಹೊರಡುವ ಮೊದಲು ಬರುವವರು ಕಡಿಮೆ. ಹೋದ ಮೇಲೆ ಅಲ್ಲಿಂದ ಫೋನು ಮಾಡಿ ಮಾತನಾಡಲು ಸಮಯ ಕೇಳುವವರೇ ಹೆಚ್ಚು. ಊಟ, ಒಂಟಿತನ, ತಿಳಿಯದ ಭಾಷೆ ಇವುಗಳ ಸಂಕಟ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಇಲ್ಲಿ ಹೇಳುವ ಯುವತಿಯ ಪ್ರಕರಣ ಆ ಬಗೆಯದಲ್ಲ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಆಳಂದ ತಾಲ್ಲೂಕಿನ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದ ಈ ಯುವತಿ ತಾಂಜಾನಿಯಾದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋಗಿದ್ದಳು. ಅಲ್ಲಿ ಬಹುತೇಕ ಸರ್ಕಾರಿ ಪ್ರಾಥಮಿಕ ಶಾಲೆಗಳ ಪಾಠವೆಲ್ಲ ಸ್ವಾಹಿಲಿಯಲ್ಲಿ ನಡೆಯುತ್ತದೆ. ಇಂಗ್ಲಿಷ್ ಒಂದು ವಿಷಯ ಮಾತ್ರ, ಅದನ್ನು ಓದಿಸುವುದೇ ಆಕೆಯ ಕೆಲಸ. ರೊಟ್ಟಿಯ ಜಾಗದಲ್ಲಿ ಗೋವಿನಜೋಳದ ಹಿಟ್ಟಿನ ಉಗಾಲಿಗೆ ಹೊಂದಿಕೊಂಡಿದ್ದಳು. ಸ್ವಾಹಿಲಿ ಮಾತನಾಡುವವರು ಹೊತ್ತನ್ನು ಸೂರ್ಯೋದಯದಿಂದ ಎಣಿಸುವುದರಿಂದ ನಮ್ಮ ಬೆಳಗಿನ ಎಂಟು ಅವರಿಗೆ ಎರಡು ಗಂಟೆಯಾಗುತ್ತದೆ. ಹೀಗಾಗಿ ಎರಡು ಗಂಟೆಗೆ ಎಂದಿದ್ದ ಶಿಕ್ಷಕರ ಸಭೆಗೆ ಮಧ್ಯಾಹ್ನ ಎರಡಕ್ಕೆ ಹೋಗಿ ನಗೆಪಾಟಲಾದದ್ದನ್ನೂ ಆಕೆ ನಗುತ್ತಲೇ ಹೇಳಿದ್ದಳು.

ಮುಂದಿನ ಸಲ ಮಾತನಾಡುವಾಗ ಆ ನಗು ಇರಲಿಲ್ಲ. ಪಾಠ ಒಪ್ಪಿಸದ ಹುಡುಗನ ಅಂಗೈಗೆ ಶಿಕ್ಷಕರೊಬ್ಬರು ಬೆತ್ತದಿಂದ ಹೊಡೆಯುತ್ತಿದ್ದಾಗ ಆಕೆ ಬೆತ್ತವನ್ನು ಕಸಿದುಕೊಂಡು, ಮಕ್ಕಳೆದುರೇ ಅವರನ್ನು ಬೈದಿದ್ದಳು. ಮರುದಿನದಿಂದ ಶಿಕ್ಷಕರ ಕೊಠಡಿಯಲ್ಲಿ ಆಕೆ ಕಾಲಿಟ್ಟೊಡನೆ ಮಾತು ನಿಲ್ಲತೊಡಗಿತು. ಆಕೆಯ ಇಂಗ್ಲಿಷ್ ಅವಧಿ ವೇಳಾಪಟ್ಟಿಯಿಂದ ಮಾಯವಾಯಿತು. ತಾನು ಮಾಡಿದ್ದು ಸರಿ, ಇಂತಹ ಜನರ ನಡುವೆ ಇರಲಾರೆ, ಟಿಕೆಟ್ ತೆಗೆಸಿ ಬರುತ್ತೇನೆ ಎಂಬುದು ಆಕೆಯ ಮಾತು.

ನಾನು ಕೇಳಿದ್ದು ಒಂದೇ: "ಆಳಂದದಾಗ ನಿನ್ನ ಶಾಲ್ಯಾಗ ಯಾರೂ ಹೊಡೀತಿರಲಿಲ್ಲೇನು?"

ಬಹಳ ಹೊತ್ತು ಉತ್ತರ ಬರಲಿಲ್ಲ. ಫೋನು ಕಡಿದಿದೆಯೆಂದೇ ಭಾವಿಸಿದೆ. ಆಮೇಲೆ, "ಹೊಡೀತಿದ್ರು ರೀ ಮೇಡಂ. ನಾ ಹೊಸಬಿ ಇದ್ದೆ, ಅವರು ಹಿರೇರು, ನಾ ಹ್ಯಾಂಗ ಹೇಳಬೇಕ್ರಿ?" ಎಂದಳು.

"ಈಗಿರೋ ಶಾಲ್ಯಾಗ ನೀ ಹಳಬಿ ಏನವ್ವ?"

ಆಕೆ ಅತ್ತಳು, ನಾನು ತಡೆಯಲಿಲ್ಲ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಕಾಯ್ದೆಯ ಬಲವಿದ್ದ ಊರಿನಲ್ಲಿ ಬಾಯಿ ಕಟ್ಟಿಕೊಂಡಿದ್ದವಳಿಗೆ, ಭಾಷೆಯೂ ಬಾರದ ಊರಿನಲ್ಲಿ ಬೆತ್ತ ಕಸಿಯುವ ಧೈರ್ಯ ಬಂದದ್ದು ಕರುಣೆಯಿಂದ ಮಾತ್ರವಲ್ಲ. ತಾನು ಕೊಡಲು ಬಂದವಳು, ಅವರು ಪಡೆಯುವವರು ಎಂಬ ಎಣಿಕೆ ಅದರೊಳಗೆ ಸೇರಿತ್ತು. ಶಿಕ್ಷಕರಿಗೆ ನೋವಾದದ್ದು ಅದರಿಂದಲೇ ಎಂದು ನಾನು ಆಕೆಗೆ ಮುಚ್ಚುಮರೆಯಿಲ್ಲದೆ ಹೇಳಿದೆ.

ಈ ಮಾತಿಗಾಗಿ ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರು ನನ್ನನ್ನು ಆಕ್ಷೇಪಿಸಿದರು: ಹೊಡೆತ ನೋಡಿ ಸುಮ್ಮನಿರಲು ಕಲಿಸಿದಿರಿ ಎಂದು. ನಾನು ಕಲಿಸಿದ್ದು ಅದಲ್ಲ. ಮಗುವನ್ನು ಹೊಡೆಯುವುದು ಎಲ್ಲಿ ನಡೆದರೂ ತಪ್ಪೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೆಲವು ತಿಂಗಳಿಗೆಂದು ಹೋದ ಅತಿಥಿ ಬೈದು ವಿಮಾನ ಹತ್ತಿದರೆ ಆ ಹುಡುಗ ಅದೇ ಶಿಕ್ಷಕರ ಕೈಯಲ್ಲಿ ಉಳಿಯುತ್ತಾನೆ, ಅದೂ ಹಿಂದಿನದಕ್ಕಿಂತ ಹೆಚ್ಚಿನ ಸಿಟ್ಟಿನ ನಡುವೆ. ತಾಂಜಾನಿಯಾದ ಕಾನೂನು ಬೆತ್ತವನ್ನು ಇನ್ನೂ ಪೂರ್ತಿ ನಿಷೇಧಿಸಿಲ್ಲ. ಆದರೆ 1979ರಿಂದ ಇರುವ ನಿಯಮಗಳ ಪ್ರಕಾರ ಅದು ಮುಖ್ಯಶಿಕ್ಷಕರ ಅಥವಾ ಅವರಿಂದ ಲಿಖಿತ ಅಧಿಕಾರ ಪಡೆದವರ ಕೈಯಲ್ಲಿ ಮಾತ್ರ ಇರಬೇಕು, ಪ್ರತಿ ಸಲವೂ ದಾಖಲಾಗಬೇಕು. ಹೊರಗಿನವಳ ಬೈಗಳಿಗಿಂತ ಅವರದೇ ನಿಯಮದ ಬಗ್ಗೆ ವಿನಯದಿಂದ ಕೇಳುವ ಪ್ರಶ್ನೆಗೆ ಹೆಚ್ಚು ತೂಕವಿದೆ ಎಂದು ನಾನು ನಂಬುತ್ತೇನೆ.

ಆದ್ದರಿಂದ ಮೊದಲು ಆ ಶಿಕ್ಷಕರನ್ನು ಒಬ್ಬರೇ ಇದ್ದಾಗ ಕಂಡು, ಮಕ್ಕಳೆದುರು ಮಾತನಾಡಿದ್ದಕ್ಕಷ್ಟೇ ಕ್ಷಮೆ ಕೇಳಬೇಕೆಂದೂ, ಹೊಡೆತದ ಬಗೆಗಿನ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿಲ್ಲವೆಂದೂ ಸೂಚಿಸಿದೆ. ಆಮೇಲೆ ಮುಖ್ಯಶಿಕ್ಷಕರಲ್ಲಿ ದಾಖಲೆಯ ಪುಸ್ತಕದ ವಿಷಯ ವಿಚಾರಿಸುವುದು, ಅವಧಿ ಮರಳಿ ಸಿಗುವವರೆಗೆ ಅದೇ ಶಿಕ್ಷಕರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಅವರು ಹೇಳಿದ ಕೆಲಸ ಮಾಡುವುದು. ಕೊನೆಯದನ್ನು ಆಕೆ ಒಪ್ಪಲು ಬಹಳ ಹಿಂಜರಿದಳು.

ದಾಖಲೆಯ ಪುಸ್ತಕ ಕಪಾಟಿನಲ್ಲಿತ್ತು, ಬರೆಯುವುದು ನಿಂತು ಹೋಗಿತ್ತಂತೆ. ಮುಖ್ಯಶಿಕ್ಷಕರು ಅದನ್ನು ಮತ್ತೆ ಹೊರತೆಗೆಸಿದರು. ಬೆತ್ತ ಕಡಿಮೆಯಾಗಿದೆ, ಹೋಗಿಲ್ಲ. ಆ ಶಿಕ್ಷಕರು ಆಕೆಗೆ ಮೂರನೆಯ ತರಗತಿಯ ನೋಟುಪುಸ್ತಕಗಳನ್ನು ತಿದ್ದಲು ಕೊಡುತ್ತಿದ್ದಾರೆ, ಆದರೆ ಸಲುಗೆ ಬೆಳೆದಿಲ್ಲ. ಊರಿಗೆ ಮರಳಿದ ಮೇಲೆ ಆಳಂದದ ಶಾಲೆಯಲ್ಲಿ ಏನು ಮಾಡುತ್ತೀ ಎಂದು ನಾನು ಕೇಳಿದ್ದೇನೆ. ಅದಕ್ಕೆ ಆಕೆ ಇನ್ನೂ ಉತ್ತರಿಸಿಲ್ಲ.